ಗಾಡಿ ನೆಲ ಸಾರಿಸಿದ ಸುದ್ದಿ

ಪಂಚಮಿ ದಿನ ವಿಡಿಯೋ ಕಾಲ್‌ನ್ಯಾಗ ಬೆಳಗಾವಿ ಮೌಶಿ ನನ್ನ ಕೈ ನೋಡಿ, "ಏನ ಇದು, ಮೆಹಂದಿ ಹಚ್ಚಿಕೊಂಡೀ ಏನ? ಇಷ್ಟು ಕರ್ರಗ ಬಂದದಲ್ಲಾ!" ಅಂದ್ಲು. ಹುಬ್ಬಳ್ಳಿ ವೈನಿ ಬಾಜೂಕ ಕೂತು ಉಂಡಿ ಕಟ್ಟಲಿಕ್ಕೆ ಹತ್ತಿದ್ರು, ಅವ್ರೂ ಬಗ್ಗಿ ನೋಡಿದ್ರು. "ಮೆಹಂದಿ ಅಲ್ಲ ಮೌಶಿ, ಗಾಡಿ ನೆಲ ಸಾರಿಸೀನಿ" ಅಂದೆ. ಎಲ್ಲಾರೂ ನಕ್ಕರು. ಗಾಡಿಗೆ ನೆಲ ಎಲ್ಲೆ ಇರ್ತದ, ಅದನ್ನ ಸಾರಿಸೂದು ಹೆಂಗ ಅಂತ ಕೇಳ್ಲಿಕ್ಕೆ ಶುರು ಮಾಡಿದ್ರು. ಉಂಡಿ ಆರಿ ಹೋಗ್ತಾವ, ಆಮ್ಯಾಲೆ ಬರದು ಕಳಸ್ತೀನಿ ಅಂತ ಹೇಳಿ ಫೋನ್ ಇಟ್ಟೆ. ಈಗ ಬರೀಲಿಕ್ಹತ್ತೀನಿ. ಸ್ವಲ್ಪ ಉದ್ದ ಆಗ್ತದ, ಚಾ ಇಟ್ಕೊಂಡು ಕೂಡ್ರಿ.

ನಮ್ಮನಿಯವ್ರ ಕೆಂಪು ಗಾಡಿ ನೀವೆಲ್ಲಾ ಫೋಟೋದಾಗ ನೋಡೀರಿ. 1971ರ ಎಂಜಿಬಿ. ಇಲ್ಲೇ ಇಂಗ್ಲೆಂಡಿನ ಆಬಿಂಗ್ಡನ್ ಅನ್ನೋ ಊರಾಗ 1962ರಿಂದ 1980ರ ತನಕ ಮಾಡಿದ ಗಾಡಿ ಅದು. ಮ್ಯಾಲೆ ಮಾಳಿಗಿ ಇಲ್ಲ. ಬಟ್ಟೀ ಹುಡ್ ಅದ, ಬೇಕಾದಾಗ ಎಳಕೋಬೇಕು, ಬ್ಯಾಡಾದಾಗ ಮಡಚಿ ಹಿಂದ ಇಡಬೇಕು. ಎರಡ ಮಂದಿಗೆ ಜಾಗ. ನೌಕರಿಯಿಂದ ನಿವೃತ್ತಿ ಆದ ವರ್ಷ ಇವ್ರು ಇದನ್ನ ತೊಗೊಂಡ್ರು. ಆವಾಗ ನಾ ಎರಡು ದಿನ ಮಾತಾಡಿರಲಿಲ್ಲ, ಅದೂ ನಿಮಗ ಗೊತ್ತದ. ಮನೀ ಅಡಿಗಿ ಖೋಲಿ ಹೊಸಾದು ಮಾಡಸ್ಬೇಕು ಅಂತ ಇಟ್ಟಿದ್ದ ರೊಕ್ಕ ಅದು. ಆದ್ರ ಬ್ಯಾಸಿಗ್ಯಾಗ ಹುಡ್ ತಗದು ಹಳ್ಳಿ ರಸ್ತೆದಾಗ ಹೊಂಟ್ರ ನನಗೂ ಛೊಲೋ ಅನಸ್ತಿತ್ತು, ಸುಳ್ಳು ಯಾಕ ಹೇಳ್ಲಿ.

ಹೋದ ವರ್ಷ ಇವ್ರಿಗೆ ಪಾರ್ಕಿನ್ಸನ್ಸ್ ಅಂತ ಡಾಕ್ಟರ್ ಹೇಳಿದ್ರು. ಬಲಗೈ ನಡಗ್ತದ. ಈ ದೇಶದಾಗ ಆ ಬ್ಯಾನಿ ಬಂತಂದ್ರ ಲೈಸೆನ್ಸ್ ಕೊಡೋ ಆಫೀಸಿಗೆ ನಾವ ತಿಳಿಸಬೇಕು, ಮುಚ್ಚಿಡೂ ಹಂಗಿಲ್ಲ. ತಿಳಿಸಿದ್ವಿ. ಅವ್ರು ವಿಚಾರ ಮಾಡಿ ಮೂರು ವರ್ಷದ ಲೈಸೆನ್ಸ್ ಕೊಟ್ರು, ಆಮ್ಯಾಲೆ ಮತ್ತ ನೋಡೂದು. ಮಗಳು ಬ್ರಿಸ್ಟಲ್‌ನಿಂದ ಫೋನ್ ಮಾಡಿ, "ಅಮ್ಮಾ, ಅಪ್ಪಗ ಹೇಳಿ ಆ ಗಾಡಿ ಮಾರಿಬಿಡ್ರಿ. ಪವರ್ ಸ್ಟೀರಿಂಗ್ ಸುದ್ದಾ ಇಲ್ಲ ಅದಕ್ಕ" ಅಂದ್ಲು. ಆಕಿ ಹೇಳೂದು ತಪ್ಪಲ್ಲ. ನಾ ಹೂಂ ಅಂದೆ. ಇವ್ರ ಮುಂದ ಮಾತ್ರ ಹೇಳ್ಲಿಲ್ಲ.

ಮಾರ್ಚ್ ತಿಂಗಳದಾಗ ಒಂದಿನ ಸಂತಿಗೆ ಹೋಗಿ ಬರೂವಾಗ ಮಳಿ ಬಂತು. ಹುಡ್ ಏರಿಸಿದ್ವಿ. ಮನಿಗೆ ಬಂದು ಇಳಿಯೂವಾಗ ನೋಡ್ತೀನಿ, ನನ್ನ ಸಲ್ವಾರದ ಕೆಳಗಿನ ತುದಿ ಹಸಿ. ಕಾಲಾಗಿನ ಮ್ಯಾಟ್ ಒತ್ತಿದ್ರ ನೀರು ಪಚಕ್ ಅಂತ ಬಂತು. ಮ್ಯಾಟ್ ಎತ್ತಿದೆ. ಅದರ ಕೆಳಗ ಕಾರ್ಪೆಟ್, ಅದರ ಕೆಳಗ ದಪ್ಪನ್ನ ಉಣ್ಣಿಯಂಥಾ ಹಾಸಿಗಿ. ಅದು ನೀರು ಕುಡಿದು ಅಡಿಗಿ ಮನೀ ಒರಸೋ ಅರಿವಿ ಹಂಗ ಆಗಿತ್ತು, ಹಳೇ ಭಾವಿ ವಾಸನಿ. ಎಷ್ಟು ತಿಂಗಳಿಂದ ಹಂಗ ಇತ್ತೋ ದೇವರಿಗೇ ಗೊತ್ತು. ಅದನ್ನೂ ಎತ್ತಿದೆ. ಕೆಳಗ ತಗಡಿಗೆ ಕರೀ ಡಾಂಬರಿನಂಥಾದ್ದು ಬಳದಿದ್ರು. ಕಣ್ಣಿಗೆ ಛೊಲೋ ಕಾಣಸ್ತಿತ್ತು. ಇವ್ರು ಒಳಗಿಂದ ಸ್ಕ್ರೂಡ್ರೈವರ್ ತಂದು ಹಿಡಿಕೀಲೆ ಟಕ್ ಟಕ್ ಬಡದ್ರು. ಎಲ್ಲಾ ಕಡೆ ಟಣ್ ಅಂತಿತ್ತು, ಬಾಗಲದ ಕಡೆ ಅಂಚಿಗೆ ಬಂದಾಗ ದಪ್ ಅಂತು. "ಇಲ್ಲೆ ಒತ್ತಿ ನೋಡು" ಅಂದ್ರು. ನಾ ತುದೀಲೆ ಒತ್ತಿದೆ. ಹಪ್ಪಳದಾಗ ಬೆರಳು ಹೋದಂಗ ಸೀದಾ ಕೆಳಗ ಹೋತು. ತಗದು ಬಗ್ಗಿ ನೋಡಿದ್ರ ತೂತಿನ್ಯಾಗ ಅಂಗಳದ ಕಲ್ಲು ಕಾಣ್ತಿತ್ತು.

ಅಲ್ಲೇ ನಾ ಇಷ್ಟು ದಿನ ಕಾಲಿಟ್ಕೊಂಡು ಕೂತಿದ್ದೆ!

ಈಗಿನ ಗಾಡಿಗೂ ಇದಕ್ಕೂ ಒಂದು ಫರಕ್ ಅದ, ಅದನ್ನ ಹೇಳ್ಲಿಲ್ಲಂದ್ರ ನನ್ನ ಹೆದರಿಕಿ ನಿಮಗ ತಿಳಿಯೂದಿಲ್ಲ. ಈ ಗಾಡಿಗೆ ಜೀಪಿಗೆ ಇರೋ ಹಂಗ ಕೆಳಗ ಬ್ಯಾರೆ ಚಾಸಿ ಇಲ್ಲ. ತಗಡಿನ ಪೆಟಗೀನ ಅದರ ಎಲುಬು. ಮ್ಯಾಲೆ ಮಾಳಿಗಿ ಇದ್ದ ಗಾಡ್ಯಾಗ ಆ ಮಾಳಿಗೀನೂ ಭಾರ ಹೊರ್ತದ. ಇದಕ್ಕ ಅದೂ ಇಲ್ಲ. ಹಿಂಗಾಗಿ ಭಾರ ಎಲ್ಲಾ ನೆಲದ ಮ್ಯಾಲೆ, ಮತ್ತ ಎರಡೂ ಬಾಗಲದ ಕೆಳಗಿನ ಹೊಸ್ತಿಲದ ಮ್ಯಾಲೆ. ಆ ಹೊಸ್ತಿಲಕ್ಕ ಇಲ್ಲಿಯವ್ರು ಸಿಲ್ ಅಂತಾರ. ಒಂದರೊಳಗ ಒಂದು ತಗಡು ಇಟ್ಟು ಬೆಸದು ಮಾಡಿದ ಪೆಟಗಿ ಅದು. ನೆಲದ ಅಂಚು ಅದಕ್ಕ ಕೂಡಿರ್ತದ. ಸೀಟು ಬೋಲ್ಟ್ ಹಾಕಿರೂದು ನೆಲಕ್ಕ, ಬೆಲ್ಟಿನ ಹಿಡಿತನೂ ಅಲ್ಲೇ ಆಸುಪಾಸು. ನೆಲ ಹೋತಂದ್ರ ಬರೇ ಕಾಲು ಹಸಿ ಆಗೂದಲ್ಲ.

ಇನ್ನೊಂದು ಮಾತು. 40 ವರ್ಷ ದಾಟಿದ ಗಾಡಿಗೆ ಇಲ್ಲೆ ರೋಡ್ ಟ್ಯಾಕ್ಸ್ ಇಲ್ಲ, 2018ರಿಂದ ವರ್ಷಾ ವರ್ಷಾ ಮಾಡಸೋ ಎಂಓಟಿ ತಪಾಸಣೀನೂ ಮಾಫ್. ಇವ್ರಿಗೆ ಅದ ಖುಷಿ ಆಗಿತ್ತು. ನಾ ಅವತ್ತು ಅದರ ಬಗ್ಗೆ ಭಾಳ ಮಾತಾಡಿದೆ. ಬರೀಲಿಕ್ಕೆ ಬರೂದಿಲ್ಲ.

ಇವ್ರ ವಿಚಾರ ಏನಿತ್ತಂದ್ರ, ತೂತಿನ ಮ್ಯಾಲೆ ಫೈಬರ್‌ಗ್ಲಾಸ್ ಅಂಟಿಸಿ ಮತ್ತ ಕರೀದು ಬಳದುಬಿಡೂದು, ಒಂದು ಬ್ಯಾಸಿಗಿ ನಡೀತದ. "ಒಂದ ಬ್ಯಾಸಿಗಿ ಸಾಕಲಾ" ಅಂದ್ರು. ಆ ಮಾತು ನನಗ ಸೇರಲಿಲ್ಲ. ಮಗಳು ಹೇಳಿದಂಗ ಮಾರಬೇಕಂದ್ರೂ ಇಂಥಾ ನೆಲ ಮುಚ್ಚಿ ಯಾರ ಕೈಗೂ ಕೊಡಲಿಕ್ಕೆ ನನ್ನ ಮನಸ್ಸು ಒಪ್ಪೂದಿಲ್ಲ. ನಾಳೆ ಯಾರದೋ ಮಗಳು ಅಲ್ಲೇ ಕಾಲಿಟ್ಟು ಕೂಡ್ತಾಳ. ಇಟ್ಕೋಬೇಕಂದ್ರ ಮೊದಲ ಸರಿ ಮಾಡಬೇಕು. "ಮಾಡೂದಾದ್ರ ತಳದಿಂದ ಮಾಡೂಣ್ರಿ, ಇಲ್ಲಾಂದ್ರ ನಾ ಅದರಾಗ ಕೂಡೂದಿಲ್ಲ" ಅಂದೆ. "ಮಾಡೋರ್ಯಾರು?" ಅಂತ ತಮ್ಮ ಕೈ ತೋರಿಸಿದ್ರು. "ನೀವು ಸ್ಟೂಲ್ ಮ್ಯಾಲೆ ಕೂತು ಹೇಳ್ರಿ, ನಾ ಮಾಡ್ತೀನಿ" ಅಂದುಬಿಟ್ಟೆ. ಅಂದ ಮ್ಯಾಲೆ ತಿಳೀತು ಏನ ಮೈಮ್ಯಾಲೆ ಹಾಕ್ಕೊಂಡೆ ಅಂತ.

ಸೀಟು ತಗಿಯೂದ ಒಂದು ದಿನದ ಕೆಲಸ ಆತು. ಒಂದೊಂದು ಸೀಟಿಗೆ ನಾಲ್ಕು ಬೋಲ್ಟ್, ಜಂಗು ಹಿಡದು ಕಲ್ಲಾಗಿದ್ವು. ಎಣ್ಣಿ ಹಾಕಿ ರಾತ್ರಿಯೆಲ್ಲಾ ಬಿಟ್ಟು ಮುಂಜಾನೆ ತಿರುವಿದ್ರೂ ಒಂದು ಕಟ್ಟನ ಮುರೀತು. ಸೀಟಿನ ಹಳಿ ಕೆಳಗ ಕಟ್ಟಿಗೀ ಪಟ್ಟಿ ಇಟ್ಟಿರ್ತಾರ. ಅವು ನೀರು ಹಿಡಕೊಂಡು ನೆನದ ಬ್ರೆಡ್ ಆಗಿದ್ವು, ಕೆಳಗಿನ ತಗಡೂ ತಿಂದಿದ್ವು. ಆಮ್ಯಾಲೆ ಕರೀದು ಕೆರಿಯೂದು. ಈ ಕರೀ ಲೇಪನದ ಗುಣ ಹೆಂಗದ ನೋಡ್ರಿ. ಹೊಸಾದಿದ್ದಾಗ ಮೆತ್ತಗಿರ್ತದ, ತಗಡಿಗೆ ಹಿಡಕೊಂಡಿರ್ತದ. ವರ್ಷ ಆದಂಗ ಒಣಗಿ ಬಿರಿತದ. ಬಿರಕಿನ್ಯಾಗ ನೀರು ಹೋದ್ರ ಹೊರಗ ಬರೂದಿಲ್ಲ, ಒಳಗೇ ಕೂತು ತಗಡು ತಿಂತದ. ಇಲ್ಲೆ ಚಳಿಗಾಲದಾಗ ರಸ್ತೆಕ್ಕ ಉಪ್ಪು ಒಗೀತಾರ, ಬರ್ಫ ಆಗಬಾರದು ಅಂತ. ಆ ಉಪ್ಪುನೀರೂ ಕೆಳಗಿಂದ ಸೇರಿರ್ತದ. ಮ್ಯಾಲೆ ನೋಡಿದವ್ರಿಗೆ ಗಟ್ಟಿ ನೆಲ. ಹೀಟ್ ಗನ್‌ಲೆ ಸ್ವಲ್ಪ ಬಿಸಿ ಮಾಡಿ ಉಲತಣಿಯಂಥಾ ಪಟ್ಟೀಲೆ ಕೆರದ್ರ ಸುರುಳಿ ಸುರುಳಿ ಬರ್ತಿತ್ತು, ತಳ ಹತ್ತಿದ ಖೋವಾ ಕೆರದಂಗ. ಐದು ದಿನ ಕೆರದೆ. ಮುಸುಕು, ಕನ್ನಡಕ, ಕೈಚೀಲ ಎಲ್ಲಾ ಹಾಕ್ಕೊಂಡು. ಮೂಲಿ ಮನಿ ಬಾಯಿ ನಾ ಕಳ್ಳಿ ಅಂತ ತಿಳದು ಬೇಲಿ ಮ್ಯಾಲಿಂದ ಇಣುಕಿದ್ಲು. ಆಮ್ಯಾಲೆ ಕೇಕ್ ತಂದು ಕೊಟ್ಲು ಪಾಪ.

ಕೆರದ ಮ್ಯಾಲೆ ಲೆಕ್ಕ ಸಿಕ್ತು. ನನ್ನ ಕಡೆ, ಅಂದ್ರ ಎಡಗಡೆ ನೆಲ ಪೂರ್ತಿ ಹೋಗಿತ್ತು. ಇವ್ರ ಕಡೆ ಎರಡ ತೇಪಿ ಹಚ್ಚಿದ್ರ ನಡೀತಿತ್ತು. ಸಿಲ್ ಗಟ್ಟಿ ಇದ್ವು, ಅದ ನಮ್ಮ ಪುಣ್ಯ. ಸಿಲ್ ಕೊಯ್ಯೂದಿದ್ರ ಗಾಡಿಗೆ ಸರಿಯಾಗಿ ಆಸರ ಕೊಟ್ಟು ಕೊಯ್ಯಬೇಕು, ಇಲ್ಲಾಂದ್ರ ನಡುಕ ಬಗ್ಗಿ ಬಾಗಲಾ ಹಾಕಲಿಕ್ಕೆ ಬರಲಾರದಂಗ ಆಗ್ತದ. ಈ ಗಾಡಿ ನಿಂತು ಇಷ್ಟು ವರ್ಷ ಆದ್ರೂ ಅದರ ತಗಡು ಇನ್ನೂ ಹೊಸಾದು ಸಿಗ್ತಾವ. ಬ್ರಿಟಿಷ್ ಮೋಟರ್ ಹೆರಿಟೇಜ್ ಅನ್ನೋರು 1988ರಿಂದ ಇಡೀ ಎಂಜಿಬಿ ಮೈಕಟ್ಟನ್ನ ಹೊಸದಾಗಿ ಮಾಡಿ ಮಾರ್ತಾರ. ನೆಲದ ಒಂದು ತಗಡು ತರಿಸಿದ್ವಿ. ಬೆಸಗಿ ಹಾಕೂದು ನನ್ನ ಕೆಲಸಲ್ಲ. ಒಬ್ಬ ಹುಡುಗ ಎರಡು ದಿನ ಬಂದು ಮಾಡಿ ಹೋದ. ಅಂವ ಬರೂ ಮೊದಲ ಬ್ಯಾಟರಿ ತಂತಿ ಬಿಚ್ಚಿದ್ವಿ, ಕೆಳಗಿನ ಹಳೇ ಲೇಪನ ಆಜೂಬಾಜೂಕ ಎಲ್ಲಾ ಕೆರದು ತಗದ್ವಿ. ಕಿಡಿ ಬಿದ್ರ ಅದು ಉರೀತದ. ನೀರಿನ ಬಕೀಟೂ ಬೆಂಕಿ ಆರಸೋ ಸಿಲಿಂಡರೂ ಇಟ್ಕೊಂಡು ನಾ ಅಲ್ಲೇ ನಿಂತಿದ್ದೆ. ಅಂವಗ ಇಡ್ಲಿ ಭಾಳ ಸೇರಿದ್ವು.

ಈಗ ಕೈ ಕರ್ರಗ ಆದ ಸುದ್ದಿ. ಹಳೇ ತಗಡಿನ ಕುಳಿಯೊಳಗ ಜಂಗು ಎಷ್ಟು ತಿಕ್ಕಿದ್ರೂ ಪೂರ್ತಿ ಹೋಗೂದಿಲ್ಲ. ಅದಕ್ಕ ಒಂದು ದ್ರವ ಸಿಗ್ತದ, ಜಂಗನ್ನ ಬ್ಯಾರೆ ಪದಾರ್ಥ ಮಾಡಿಬಿಡ್ತದ. ಹಾಲಿನಂಗ ಬೆಳ್ಳಗಿರ್ತದ. ಕೆಂಪು ಜಂಗಿನ ಮ್ಯಾಲೆ ಬ್ರಷ್‌ಲೆ ಹಚ್ಚಿದ್ರ ನೋಡ್ತಾ ನೋಡ್ತಾ ನೀಲಿ, ಆಮ್ಯಾಲೆ ಕಾಡಿಗಿ ಹಂಗ ಕಪ್ಪು. ಡಬ್ಬಿ ಮ್ಯಾಲೆ ಓದಿದೆ, ಅದರಾಗ ಟ್ಯಾನಿನ್ ಅದ. ಅಯ್ಯ, ಇದು ನಮಗ ಗೊತ್ತಿಲ್ಲದ್ದೇನು? ಮೆಹಂದಿ ಪುಡಿನ ಚಾದ ಡಿಕಾಕ್ಷನ್‌ನ್ಯಾಗ ಕಲಸಿ ಕಬ್ಬಿಣ ಕಡಾಯ್ಯಾಗ ರಾತ್ರಿ ಇಡ್ತೀವಲಾ, ಮುಂಜಾನೆ ಕರ್ರಗ ಆಗಿರ್ತದ. ನೆಲ್ಲಿಕಾಯಿ ಕಬ್ಬಿಣದಾಗ ಬೇಯಿಸಿದ್ರೂ ಹಂಗ. ಚಾದಾಗ, ನೆಲ್ಲಿಕಾಯ್ಯಾಗ ಇರೋ ಒಗರು ಕಬ್ಬಿಣದ ಜೋಡಿ ಸೇರಿದ್ರ ಕಪ್ಪ ಬರ್ತದ. ನನ್ನ ಕೈಚೀಲ ಎರಡ ಬೆರಳಿಗೆ ಹರದಿತ್ತು. ಬೆರಳಿನ ಗೆರಿಯೊಳಗ ಜಂಗಿನ ಧೂಳಿ, ಮ್ಯಾಲೆ ಈ ದ್ರವ. ಅಷ್ಟ. ನಿಂಬಿಹಣ್ಣು ತಿಕ್ಕಿದೆ, ಸ್ವಲ್ಪ ಹೋತು. ಉಳದದ್ದು ನೀವು ನೋಡಿದ್ರಿ.

ಇದನ್ನ ಹಚ್ಚೋಕಿಂತ ಮೊದಲ ಜಿಡ್ಡು ತಗೀಬೇಕು, ಸಡಿಲ ಜಂಗನ್ನ ತಂತಿ ಬ್ರಷ್‌ಲೆ ತಿಕ್ಕಿ ತಗೀಬೇಕು. ಉದರೂ ಮಣ್ಣಿನ ಮ್ಯಾಲೆ ಸಗಣಿ ಸಾರಿಸಿದ್ರ ಒಣಗಿದ ಮ್ಯಾಲೆ ಹೆಕ್ಕಳ ಏಳ್ತದಲಾ, ಅದ ಕಥಿ. ಒಂದಿನ ಪೂರ್ತಿ ಒಣಗಿಸಿದೆ. ಆಮ್ಯಾಲೆ ಎರಡ ಡಬ್ಬಿ ಕೂಡಿಸಿ ಹಚ್ಚೋ ಎಪಾಕ್ಸಿ ಬಣ್ಣ. ಒಂದರಾಗ ಬಣ್ಣ, ಇನ್ನೊಂದರಾಗ ಗಟ್ಟಿ ಮಾಡೋದು. ಕೂಡಿಸಿದ ಮ್ಯಾಲೆ ಹೊತ್ತು ಹೋದಂಗ ತಾನ ಬಿಗೀತದ, ಹೆಪ್ಪು ಹಾಕಿದಂಗ, ಉಳದದ್ದು ನಾಳೆಗೆ ಬರೂದಿಲ್ಲ. ಹಿಂಗಾಗಿ ಒಂದ ಕಡೀ ನೆಲಕ್ಕ ಎಷ್ಟು ಬೇಕೋ ಅಷ್ಟ ತೂಗಿ ಕೂಡಿಸಿದೆ, ಅಡಿಗಿ ಮನೀ ತಕ್ಕಡೀಲೆ. ಆ ತಕ್ಕಡಿ ಈಗ ಗ್ಯಾರೇಜಿಂದ ಆಗೇದ. ತೆಳ್ಳಗ ಎರಡು ಸಲ ಹಚ್ಚಿದೆ. ವಾಸನಿ ತಲೀಗೆ ಏರ್ತದ, ಬಾಗಲಾ ತಗದು ಮುಸುಕು ಹಾಕ್ಕೊಂಡು ಮಾಡಬೇಕು. ಇವ್ರನ್ನ ಹೊರಗ ಕೂಡಿಸಿದೆ. ಅಲ್ಲಿಂದನ "ಆ ಮೂಲ್ಯಾಗ ಬಿಟ್ಟೀ", "ಅಂಚಿಗೆ ಇನ್ನೊಂದು ಕೈ" ಅಂತ ನಡದಿತ್ತು. ಮೂವತ್ತೈದು ವರ್ಷ ನಾ ಅಡಿಗಿ ಮಾಡೂವಾಗ ಇವ್ರು ಇಷ್ಟು ಲಕ್ಷ್ಯ ಕೊಟ್ಟು ನೋಡಿದ್ದು ನನಗ ನೆನಪಿಲ್ಲ.

ತಗಡಿಗೆ ತಗಡು ಕೂಡಿದ ಜೋಡಣಿ ಮ್ಯಾಲೆ ಸೀಮ್ ಸೀಲರ್ ಹಾಕಬೇಕು. ಒಣಗಿದ ಮ್ಯಾಲೂ ರಬ್ಬರ್ ಹಂಗ ಮೆತ್ತಗ ಇರ್ತದ, ಗಾಡಿ ಅಲಗಿದ್ರೂ ಬಿರಿಯೂದಿಲ್ಲ. ಬರೇ ಬಣ್ಣ ಆ ಸಂದಿ ಮುಚ್ಚೂದಿಲ್ಲ. ಗನ್‌ನಿಂದ ಚಕ್ಕುಲಿ ಒತ್ತಿದಂಗ ಒತ್ತಬೇಕು. ಅದನ್ನ ತಾವ ಮಾಡ್ತೀನಿ ಅಂದ್ರು ಇವ್ರು. ಗುಳಿಗಿ ತೊಗೊಂಡು ಒಂದು ತಾಸಿನ ಮ್ಯಾಲೆ ಕೈ ಸ್ವಲ್ಪ ತಣ್ಣಗಿರ್ತದ, ಆ ಹೊತ್ತು ನೋಡಿ ಕೂತ್ರು. ಎಡಗೈಲೆ ಬಲಗೈ ಹಿಡಕೊಂಡು ನನ್ನ ಕಡೆ ನೆಲದ ಉದ್ದ ಜೋಡಣಿ ಒತ್ತಿದ್ರು. ಮುಂದ ಮುಂದ ಹೋದಂಗ ಗೆರಿ ಹಾವಿನಂಗ ಹೋಗ್ಯದ. ನಾ ಬ್ರಷ್‌ಲೆ ಸರಿ ಮಾಡ್ಲಿಕ್ಕೆ ಹೋದ್ರ, "ಸಂದಿ ಮುಚ್ಚೇದೋ ಇಲ್ಲೋ ನೋಡು. ಕಾರ್ಪೆಟ್ ಕೆಳಗ ಯಾರು ನೋಡ್ತಾರ?" ಅಂದ್ರು. ಬೆರಳಿಲೆ ಒತ್ತಿ ನೋಡಿದೆ. ಎಲ್ಲೂ ಬಿಟ್ಟಿರಲಿಲ್ಲ.

ಕೆಳಗಿಂದ ಮೇಣ ಹೊಡದ್ವಿ, ಡಾಂಬರಿನಂಥಾದ್ದು ಬ್ಯಾಡ ಅಂತ ನಾನ ಹಟ ಹಿಡದೆ. ಮೇಣ ಮೆತ್ತಗಿರ್ತದ, ಬಿರಿಯೂದಿಲ್ಲ, ಗೀರು ಬಿದ್ರೂ ಮತ್ತ ಹೊಡೀಬಹುದು, ಕೆಳಗ ಜಂಗು ಬಂದ್ರ ಕಣ್ಣಿಗೆ ಕಾಣ್ತದ. ಡಬ್ಬಿನ ಬಿಸಿನೀರಿನ ಬೋಗಣಿಯೊಳಗ ಇಟ್ರ ತೆಳ್ಳಗ ಆಗ್ತದ. ಒಲಿ ಮ್ಯಾಲೆ ಮಾತ್ರ ಇಡಬ್ಯಾಡ್ರಿ, ಬೆಂಕಿ ಹತ್ತೋ ಪದಾರ್ಥ ಅದು. ಸಿಲ್ ಒಳಗೂ ಉದ್ದ ಕೊಳವೀಲೆ ಹೊಡದೆ. ಸಿಲ್ ಕೆಳಗ ನೀರು ಬಸಿಯೋ ಸಣ್ಣ ತೂತು ಇರ್ತಾವ, ಅವು ಮೇಣದಲೆ ಮುಚ್ಚಿದ್ರ ಮಾಡಿದ್ದೆಲ್ಲಾ ಹಾಳು. ಒಂದೊಂದಕ್ಕೂ ತಂತಿ ಹಾಕಿ ಬಿಡಿಸಿದೆ. ಹಳೇ ಉಣ್ಣಿ ಹಾಸಿಗಿ ಒಗದು, ನೀರು ಕುಡಿಯಲಾರದ ಫೋಮ್ ಕತ್ತರಿಸಿ ಹಾಸಿದೆ. ಅಂಟಿಸಿಲ್ಲ, ಎತ್ತಿ ನೋಡಲಿಕ್ಕೆ ಬರಬೇಕು. ಕಟ್ಟಿಗೀ ಪಟ್ಟಿ ಹೊಸಾವು, ಮೂರು ಸಲ ವಾರ್ನಿಶ್ ಕುಡಿಸೀನಿ.

ಇಷ್ಟೆಲ್ಲಾ ಮುಗಿಸಿ ನಾ ದೊಡ್ಡ ಶಾಣ್ಯಾಕಿ ಅಂತ ಕೂತಾಗ ಇವ್ರು ಕೇಳಿದ್ರು, "ಖರೇ, ನೀರು ಎಲ್ಲಿಂದ ಬರ್ತಿತ್ತು?"

ಎದಿ ಧಸಕ್ ಅಂತು. ನಳ ಬಂದ್ ಮಾಡಲಾರದ ನೆಲಾ ಒರಸಿದ್ವಿ ನಾವು. ಹುಡ್‌ನಿಂದ ಇರಬೇಕು ಅಂತ ಇಬ್ಬರೂ ನಮ್ಮಷ್ಟಕ್ಕ ನಾವು ತಿಳಕೊಂಡು ಬಿಟ್ಟಿದ್ವಿ. ಸೀಟು ಇನ್ನೂ ಹಾಕಿರಲಿಲ್ಲ, ಅಷ್ಟ ಪುಣ್ಯ. ಫೋಮ್ ಎತ್ತಿ, ನೆಲದ ತುಂಬ ಹಳೇ ಪೇಪರ್ ಹಾಸಿ, ಹುಡ್ ಏರಿಸಿ, ಗಿಡಕ್ಕ ನೀರು ಹಾಕೋ ಝಾರೀಲೆ ಒಂದೊಂದ ಕಡೆ ಸುರದೆ. ಇವ್ರು ಒಳಗ ಬಗ್ಗಿ ಬ್ಯಾಟರಿ ಹಿಡಕೊಂಡು ಕೂತ್ರು. ಹುಡ್ ಮ್ಯಾಲೆ ಸುರದ್ರ ಎರಡು ಹನಿ, ಅದೂ ಬಾಗಲದ ಕಡೆ. ಮುಂದಿನ ಗಾಜಿನ ರಬ್ಬರಿಗೆ ಸುರದ್ರ ಏನೂ ಇಲ್ಲ. ಗಾಜಿನ ಮುಂದ ಗಾಳಿ ಹೋಗಲಿಕ್ಕೆ ಒಂದು ಜಾಳಿಗಿ ಅದ, ಅಲ್ಲೆ ಸುರದೆ ನೋಡ್ರಿ, ಒಳಗಿಂದ "ಬಂತು, ಬಂತು!" ಅಂತ ಚೀರಿದ್ರು. ಹೀಟರ್ ಪೆಟಗಿಯಿಂದ ನೀರು ಧಾರಿಗಟ್ಟಿ ನನ್ನ ಕಾಲಿಡೋ ಜಾಗಕ್ಕ ಬರ್ತಿತ್ತು.

ಧಾರವಾಡದ ನಮ್ಮ ಹಳೇ ಮಣ್ಣಿನ ಮಾಳಿಗಿ ನೆನಪಾತು. ಮಳಿಗಾಲಕ್ಕ ಮೊದಲ ಸವಳು ಮಣ್ಣು ಏರಿಸ್ತಿದ್ರು. ಅಷ್ಟಾದ್ರೂ ದೇವರ ಖೋಲ್ಯಾಗ ಸೋರಿದ್ರ ಅಜ್ಜಿ ಪಡಸಾಲಿ ಮ್ಯಾಲಿನ ಮಣ್ಣು ನೋಡ್ರಿ ಅಂತಿದ್ಲು. ಇಲ್ಲೂ ಅದ ಆಗಿತ್ತು. ಆ ಜಾಳಿಗ್ಯಾಗ ಬಿದ್ದ ಮಳೀ ನೀರು ಕೆಳಗಿನ ತೊಟ್ಟಿಗೆ ಹೋಗ್ತದ, ಅಲ್ಲಿಂದ ಒಂದು ರಬ್ಬರ್ ಕೊಳವಿ ಗೇರ್‌ಬಾಕ್ಸ್ ಬಾಜೂಕ ಹಾದು ರಸ್ತೆಕ್ಕ ಬಿಡ್ತದ. ಕೊಳವಿ ಕಟ್ಟಿದ್ರ ತೊಟ್ಟಿ ತುಂಬಿ ಹೀಟರ್ ಒಳಗಿಂದ ನಮ್ಮ ಕಾಲಿಗೆ. ನಾ ಗಾಡಿ ಕೆಳಗ ಮಕ್ಕೊಂಡು ತಂತಿ ತೂರಿಸಿದೆ. ಮೊದಲ ಏನೂ ಬರಲಿಲ್ಲ. ಇನ್ನಷ್ಟು ತಿರುವಿದೆ. ಒಮ್ಮೆಲೇ ಕೊಳತ ಎಲಿ, ಮಣ್ಣು, ಎಷ್ಟೋ ವರ್ಷದ ಕರೀ ರಾಡಿ ಎಲ್ಲಾ ಸೀದಾ ನನ್ನ ಮುಖದ ಮ್ಯಾಲೆ ಬಂತು. ಇವ್ರು ಸ್ಟೂಲ್ ಮ್ಯಾಲೆ ಕೂತು ನಕ್ಕಿದ್ದು ಓಣಿಗೆಲ್ಲಾ ಕೇಳಿಸ್ತು. ಹೋದ ವರ್ಷ ಡಾಕ್ಟರ್ ಕಡೆಯಿಂದ ಬಂದ ಮ್ಯಾಲೆ ಅಷ್ಟು ನಕ್ಕಿದ್ದು ನಾ ಕೇಳಿರಲಿಲ್ಲ.

ಕೊಳವಿ ಹಳೇದು, ತಂತಿ ತಾಗಿ ಒಂದ ಕಡೆ ಹರೀತು. ಹೊಸಾದು ತರಿಸೀವಿ, ಮುಂದಿನ ವಾರ ಬರ್ತದಂತ. ಅದು ಹಾಕಿ, ಮತ್ತ ಪೇಪರ್ ಹಾಸಿ ನೀರು ಸುರದು ನೋಡಿದ ಮ್ಯಾಲೆ ಸೀಟು ಹಾಕೂದು. ಎಂಓಟಿ ಮಾಫ್ ಇದ್ರೂ ನಾವಾಗೇ ಮಾಡಸ್ತೀವಿ, ದಿನ ಗೊತ್ತು ಮಾಡೀನಿ. ಮಗಳಿಗೆ ನೆಲದ ಫೋಟೋ ಕಳಿಸಿದೆ. "ಅಮ್ಮಾ, ಇಷ್ಟು ಮಾಡಿ ಮಾರ್ತೀರೇನು?" ಅಂತ ಬರದಾಳ. ಅದಕ್ಕ ನಾ ಇನ್ನೂ ಉತ್ತರ ಬರದಿಲ್ಲ. ಇವ್ರು ನಿನ್ನೆ ಸಂಜೀಕ ಕಿಲ್ಲಿ ನನ್ನ ಕೈಯಾಗ ಕೊಟ್ಟು, "ಕ್ಲಚ್ ಸ್ವಲ್ಪ ಗಟ್ಟಿ ಅದ, ಖಾಲಿ ರಸ್ತೆದಾಗ ರೂಢಿ ಮಾಡ್ಕೊ" ಅಂದ್ರು.

ಮೌಶಿ, ಉಂಡಿ ಇನ್ನೂ ಉಳದಿದ್ರ ಯಾರರೆ ಈ ಕಡೆ ಬರೋರ ಜೋಡಿ ಕಳಸು. ಶೇಂಗಾದ್ದು ಹೆಚ್ಚು ಹಾಕು.